ಪ್ಯಾಡ್ ಹೊಲಿಯುವ ಚರ್ಚಿನ ಮಹಿಳೆಯರು ಮತ್ತು ನಾವು

ಆಫ್ರಿಕಾದ ಹಳ್ಳಿಗಳಿಗೆ ಹೋಗುವ ಕ್ರೈಸ್ತ ಸೇವಾ ತಂಡಗಳ ಪೆಟ್ಟಿಗೆಗಳಲ್ಲಿ ಬೈಬಲ್, ಔಷಧಿಗಳ ಜೊತೆಗೆ ಈಗ ಇನ್ನೊಂದು ವಸ್ತುವೂ ಇರುತ್ತದೆ. ದಾರ ಎಳೆದರೆ ಬಾಯಿ ಮುಚ್ಚುವ ಒಂದು ಬಟ್ಟೆಯ ಚೀಲ. ಅದರೊಳಗೆ ತೊಳೆದು ಮತ್ತೆ ಬಳಸುವ ಮುಟ್ಟಿನ ಪ್ಯಾಡ್‌ಗಳು, ಒಳಉಡುಪು, ಒಂದು ಸಾಬೂನು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾದ ಚರ್ಚುಗಳ ಮಹಿಳೆಯರು ಗುಂಪಾಗಿ ಕುಳಿತು ಇವನ್ನು ಹೊಲಿಯುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಮೊಮ್ಮಕ್ಕಳನ್ನು ಕಂಡ ಅಜ್ಜಿಯಂದಿರು. ತಾವು ಎಂದೂ ಕಾಣದ ಒಬ್ಬ ಹುಡುಗಿ ತಿಂಗಳಿಗೆ ನಾಲ್ಕೈದು ದಿನ ಶಾಲೆ ತಪ್ಪಿಸಬಾರದು ಎಂಬುದಷ್ಟೇ ಅವರ ಉದ್ದೇಶ.

ಇದನ್ನು ಹೇಳಿದರೆ ನಮ್ಮಲ್ಲಿ ಕೆಲವರು ತಕ್ಷಣ, "ಅದೆಲ್ಲ ಮತಾಂತರಕ್ಕೆ ಹಾಕುವ ಗಾಳ" ಎನ್ನುತ್ತಾರೆ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಅವರು ಮಾಡಿದ್ದೇನು ನೋಡೋಣ.

2007ರ ಕೊನೆಯ ಚುನಾವಣೆಯ ನಂತರ ಕೀನ್ಯಾದಲ್ಲಿ ದೊಡ್ಡ ಗಲಭೆಯಾಯಿತು. ನೈರೋಬಿ ಬಳಿಯ ಒಂದು ಅನಾಥಾಲಯ ಮಕ್ಕಳಿಂದ ತುಂಬಿ ತುಳುಕಿತು. ಅಲ್ಲಿಗೆ ನೆರವಾಗುತ್ತಿದ್ದ ಅಮೆರಿಕದ ಸೆಲೆಸ್ಟ್ ಮರ್ಜೆನ್ಸ್ ಎಂಬ ಮಹಿಳೆ 2008ರಲ್ಲಿ ಒಂದು ಸರಳ ಪ್ರಶ್ನೆ ಕೇಳಿದರು. ಮುಟ್ಟಿನ ದಿನಗಳಲ್ಲಿ ಹುಡುಗಿಯರು ಏನು ಮಾಡುತ್ತಾರೆ? ಏನೂ ಇಲ್ಲ, ಕೋಣೆಯಲ್ಲಿ ಕಾರ್ಡ್‌ಬೋರ್ಡ್ ತುಂಡಿನ ಮೇಲೆ ಕುಳಿತು ದಿನ ಕಳೆಯುತ್ತಾರೆ ಎಂಬ ಉತ್ತರ ಬಂತು. ಮೊದಲು ಅಂಗಡಿಯ ಪ್ಯಾಡ್‌ಗಳನ್ನೇ ಕೊಟ್ಟರು. ಆದರೆ ಬಳಸಿದ್ದನ್ನು ಎಲ್ಲಿ ಎಸೆಯುವುದು? ಅದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ತೊಳೆಯುವ ಪ್ಯಾಡ್ ಬಂತು. 'ಡೇಸ್ ಫಾರ್ ಗರ್ಲ್ಸ್' ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ. ಅದು ಧಾರ್ಮಿಕ ಸಂಸ್ಥೆಯಲ್ಲ. ಆದರೆ ಅದಕ್ಕಾಗಿ ಹೊಲಿಯುವ ಕೈಗಳಲ್ಲಿ ಚರ್ಚುಗಳ ಮಹಿಳಾ ಸಂಘಗಳ ಪಾಲು ದೊಡ್ಡದು.

ನನಗೆ ಇದರಲ್ಲಿ ಹಿಡಿಸಿದ್ದು ಅವರ ದಾನಕ್ಕಿಂತ ಹೆಚ್ಚಾಗಿ ಕೇಳಿ ತಿಳಿಯುವ ಗುಣ. ಮೊದಮೊದಲ ಬಟ್ಟೆಯ ಪ್ಯಾಡ್ ನೋಡಲು ಪ್ಯಾಡ್‌ನಂತೆಯೇ ಇತ್ತು. ಅದನ್ನು ಹೊರಗೆ ಹಗ್ಗದ ಮೇಲೆ ಒಣಗಲು ಹಾಕಲು ಹುಡುಗಿಯರು ನಾಚಿದರು. ನಾಚಿದರೆಂದು ಇವರು ಅವರನ್ನು ಬಯ್ಯಲಿಲ್ಲ, ಪ್ಯಾಡನ್ನೇ ಬದಲಾಯಿಸಿದರು. ಈಗಿನದು ಎರಡು ಭಾಗ. ಒಂದು, ನೀರು ದಾಟದ ಪದರವಿರುವ ಕವಚ. ಒಳಉಡುಪಿಗೆ ಗುಂಡಿ ಹಾಕಿ ಕೂರಿಸುವಂಥದ್ದು. ಇನ್ನೊಂದು, ಹತ್ತಿಯ ಫ್ಲಾನಲ್ ಬಟ್ಟೆ. ಮಡಚಿ ಕವಚದೊಳಗೆ ಇಟ್ಟರೆ ಪ್ಯಾಡ್, ಬಿಡಿಸಿ ಹಗ್ಗಕ್ಕೆ ಹಾಕಿದರೆ ಮುಖ ಒರೆಸುವ ಚೌಕದಂತೆ ಕಾಣುತ್ತದೆ. ಬಣ್ಣವೂ ಗಾಢ, ಹೂವಿನ ಚಿತ್ತಾರದ್ದು, ಕಲೆ ಎದ್ದು ಕಾಣುವುದಿಲ್ಲ. ಸರಿಯಾಗಿ ನೋಡಿಕೊಂಡರೆ ಎರಡು ಮೂರು ವರ್ಷ ಬಾಳುತ್ತದೆ. ತಿಂಗಳಿಗೆ 15 ಅಂಗಡಿ ಪ್ಯಾಡ್ ಎಂದು ಲೆಕ್ಕ ಹಿಡಿದರೂ ಮೂರು ವರ್ಷಕ್ಕೆ 540 ಆಯಿತು. ಕೂಲಿ ಮನೆಯ ತಾಯಿಗೆ, ಅದರಲ್ಲೂ ಇಬ್ಬರು ಮೂವರು ಹೆಣ್ಣುಮಕ್ಕಳಿರುವವಳಿಗೆ, ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮತಾಂತರದ ಮಾತು. ನೆರವಿನ ಬೆಲೆಯಾಗಿ ನಂಬಿಕೆಯನ್ನು ಕೇಳುವುದು ತಪ್ಪು. ಪ್ಯಾಡ್ ಹಂಚುವ ಮುನ್ನ ಪ್ರಾರ್ಥನೆಗೆ ಕೂರಿಸಿದರೆ, ಅಗತ್ಯದಲ್ಲಿರುವ ಹುಡುಗಿ ಬೇಡವೆಂದು ಎದ್ದು ಹೋಗಲಾರಳು. ಚೀಲ ಹಿಡಿಸಿ ಫೋಟೋ ತೆಗೆದು ಊರಿಗೆಲ್ಲ ತೋರಿಸುವುದೂ ನನಗೆ ಸರಿ ಕಾಣುವುದಿಲ್ಲ. ತನ್ನ ಮುಟ್ಟಿನ ಬಟ್ಟೆ ಹಿಡಿದು ಕ್ಯಾಮರಾ ಮುಂದೆ ನಗಲು ನಿಮ್ಮ ಮಗಳಿಗೆ ಹೇಳುತ್ತೀರಾ? ಒಮ್ಮೆ ಬಂದು ಹಂಚಿ ಹೋಗುವ ತಂಡಗಳಿಗಿಂತ ಅಲ್ಲಿನ ಹೆಂಗಸರಿಗೇ ಹೊಲಿಯಲು ಕಲಿಸಿ ಬರುವವರು ಮೇಲು. ಈ ಟೀಕೆಗಳನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಟೀಕಿಸಿದವರು ಆ ಹುಡುಗಿಗೆ ಬೇರೆ ಚೀಲ ಕೊಟ್ಟರೇ ಎಂದೂ ಕೇಳಬೇಕಲ್ಲ.

ನಮ್ಮ ಪಕ್ಕದ ವೆಲ್ಲೂರನ್ನೇ ನೋಡಿ. ಸಿ.ಎಂ.ಸಿ. ಆಸ್ಪತ್ರೆಗೆ ಹೋಗದ ಮುಸ್ಲಿಮ್ ಕುಟುಂಬಗಳು ಕಡಿಮೆ. ಅದನ್ನು 1900ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ ಐಡಾ ಸ್ಕಡ್ಡರ್ ಮಿಷನರಿ ಕುಟುಂಬದವರು. ಒಂದೇ ರಾತ್ರಿ ಮೂರು ಮನೆಗಳಿಂದ ಹೆರಿಗೆಗೆ ಕರೆ ಬಂತು, ಗಂಡಸು ವೈದ್ಯರು ಬೇಡವೆಂದು ಮೂವರೂ ಗಂಡಂದಿರು ಹಿಂದಿರುಗಿದರು, ಬೆಳಿಗ್ಗೆಯೊಳಗೆ ಮೂವರು ಹೆಂಗಸರೂ ತೀರಿಕೊಂಡರು. ಅದೇ ಅವರನ್ನು ವೈದ್ಯರನ್ನಾಗಿ ಮಾಡಿತು. ಆ ಮೂರು ಮನೆಗಳಲ್ಲಿ ಒಂದು ಮುಸ್ಲಿಮರದ್ದು. ನಮ್ಮ ಸಂಕೋಚ ನಮ್ಮ ಹೆಣ್ಣಿನ ಜೀವ ತೆಗೆದಾಗ ಅದನ್ನು ಕಂಡು ಮರುಗಿದ್ದು ಬೇರೆಯವರ ಮಗಳು.

ಈ ಸಂಕೋಚ ದೀನ್‌ನಿಂದ ಬಂದದ್ದಲ್ಲ. ಮದೀನಾದ ಯಹೂದಿಯರು ಮುಟ್ಟಾದ ಹೆಂಗಸಿನೊಂದಿಗೆ ಊಟವನ್ನೂ ಮಾಡುತ್ತಿರಲಿಲ್ಲ. ಪ್ರವಾದಿ(ಸ) ದಾಂಪತ್ಯ ಸಂಬಂಧವೊಂದನ್ನು ಬಿಟ್ಟು ಉಳಿದ ಎಲ್ಲಕ್ಕೂ ಅನುಮತಿ ಕೊಟ್ಟರು. ಹಝ್ರತ್ ಆಯಿಶಾ(ರ) ಮುಟ್ಟಾಗಿದ್ದಾಗ ಅವರ ಮಡಿಲಲ್ಲಿ ತಲೆಯಿಟ್ಟು ಕುರ್‌ಆನ್ ಪಠಿಸುತ್ತಿದ್ದರು. ಹಝ್ರತ್ ಉಮ್ಮು ಸಲಮಾ(ರ) ಮುಟ್ಟಿನ ಬಟ್ಟೆಯನ್ನು ಬೇರೆಯಾಗಿಯೇ ಇಟ್ಟುಕೊಂಡಿದ್ದರೆಂದು ಹದೀಸ್‌ನಿಂದ ತಿಳಿಯುತ್ತದೆ. ಬಟ್ಟೆಗೆ ತಾಗಿದ ಮುಟ್ಟಿನ ರಕ್ತವನ್ನು ಹೇಗೆ ತೊಳೆಯಬೇಕೆಂದು ಒಬ್ಬ ಮಹಿಳೆ ಬಂದು ಕೇಳಿದಾಗ, ಕೆರೆದು, ನೀರಿನಿಂದ ಉಜ್ಜಿ, ತೊಳೆದು, ಅದೇ ಬಟ್ಟೆಯಲ್ಲಿ ನಮಾಝ್ ಮಾಡಬಹುದೆಂದು ಪ್ರವಾದಿ(ಸ) ವಿವರಿಸಿದರು. ಕೇಳಲು ನಾಚದ ಅನ್ಸಾರಿ ಮಹಿಳೆಯರನ್ನು ಆಯಿಶಾ(ರ) ಮೆಚ್ಚಿಕೊಂಡಿದ್ದಾರೆ. ನಾವು ಮಾತ್ರ ರಮಝಾನ್‌ನಲ್ಲಿ ಮುಟ್ಟಾದ ಮಗಳು ಅಣ್ಣ ತಮ್ಮಂದಿರ ಕಣ್ಣು ತಪ್ಪಿಸಿ ಅಡಿಗೆಮನೆಯ ಮೂಲೆಯಲ್ಲಿ ನೀರು ಕುಡಿಯುವಂತೆ ಮಾಡಿದ್ದೇವೆ.

ದವಾಖಾನೆಯಲ್ಲಿ ನಾನು ಕಾಣುವುದು ಈ ನಾಚಿಕೆಯ ಫಲವನ್ನೇ. ಸೈಲಾನುರ್ರಹಿಮ್, ಅಂದರೆ ಬಿಳಿಸೆರಗು, ಎಂದು ಬರುವ ಹುಡುಗಿಯರಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತೀಯೆಂದು ಕೇಳುತ್ತೇನೆ. ಬೀರುವಿನ ಹಿಂದೆ, ಬಚ್ಚಲಿನ ಮೂಲೆಯಲ್ಲಿ, ಸಲ್ವಾರಿನ ಕೆಳಗೆ ಅಡಗಿಸಿ ಎನ್ನುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಮುಟ್ಟಿನಲ್ಲಿ ಬಟ್ಟೆ ಬಳಸುತ್ತಾರೆ. ಹಾಗಾಗಿ ಬಟ್ಟೆ ಕೆಟ್ಟದ್ದು, ಬಿಟ್ಟುಬಿಡಿ ಎಂಬ ಉಪದೇಶದಿಂದ ಪ್ರಯೋಜನವಿಲ್ಲ. ಕೆಡುಕು ಬಟ್ಟೆಯಲ್ಲಿಲ್ಲ, ಅದರ ತೇವದಲ್ಲಿದೆ. ಪೂರ್ತಿ ಒಣಗದ ಬಟ್ಟೆಯಲ್ಲಿ ಶಿಲೀಂಧ್ರ ಬೆಳೆಯುತ್ತದೆ, ತುರಿಕೆ, ಉರಿ, ಮೊಸರಿನಂಥ ಸ್ರಾವ ಶುರುವಾಗುತ್ತದೆ.

ಆದ್ದರಿಂದ ತಾಯಂದಿರೇ, ಮಗಳಿಗೆ ಹೀಗೆ ಕಲಿಸಿ. ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಸಿ ತೊಳೆಯಬೇಕು, ಬಿಸಿನೀರು ಹಾಕಿದರೆ ರಕ್ತದ ಕಲೆ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಸಾಬೂನು. ನೊರೆ ಪೂರ್ತಿ ಹೋಗುವವರೆಗೂ ಜಾಲಿಸಬೇಕು. ಫಿನಾಯಿಲ್, ಡೆಟಾಲ್ ಬೇಡ, ಅದರ ಉಳಿಕೆ ಮೆತ್ತನೆಯ ಚರ್ಮವನ್ನು ಸುಡುತ್ತದೆ. ನೇರ ಬಿಸಿಲಲ್ಲಿ ಒಣಗಿಸಬೇಕು. ಮಳೆಗಾಲದಲ್ಲಿ ಒಣಗದಿದ್ದರೆ ಇಸ್ತ್ರಿ ಹಾಕಿದರೂ ಆಯಿತು, ಆದರೆ ನೀರು ದಾಟದ ಪದರಕ್ಕೆ ಇಸ್ತ್ರಿ ತಾಗಿಸಬೇಡಿ. ಸ್ರಾವ ಕಡಿಮೆಯಿದ್ದರೂ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು. ಗಂಟೆ ಎರಡು ಗಂಟೆಗೊಂದು ಪ್ಯಾಡ್ ತೋಯ್ದು ಹೋಗುತ್ತಿದ್ದರೆ, ದೊಡ್ಡ ಗೆಡ್ಡೆಗಳು ಬೀಳುತ್ತಿದ್ದರೆ ಅದು ಪ್ಯಾಡಿನ ಪ್ರಶ್ನೆಯಲ್ಲ. ವೈದ್ಯರಲ್ಲಿಗೆ ಹೋಗಿ, ರಕ್ತಹೀನತೆ ಇದೆಯೇ ಎಂದು ಪರೀಕ್ಷಿಸಿಸಿ. ನೀರಿನ ಅಭಾವವಿರುವ ಮನೆಗೆ, ಹಾಸ್ಟೆಲ್‌ಗೆ ಅಂಗಡಿಯ ಪ್ಯಾಡೇ ಉತ್ತಮ ಎಂದೂ ಹೇಳಿಬಿಡುತ್ತೇನೆ.

ನಮ್ಮ ಜಮಾಅತ್‌ಗಳು ರಮಝಾನ್ ಕಿಟ್ ಹಂಚುತ್ತವೆ. ಅಕ್ಕಿ, ಎಣ್ಣೆ, ಖರ್ಜೂರ, ಶಾವಿಗೆ. ಅದರಲ್ಲಿ ಈ ಚೀಲವೊಂದನ್ನು ಸೇರಿಸಲು ಏನು ಅಡ್ಡಿ? ಝಕಾತ್ ಹಣದಲ್ಲಿ ಆಗುತ್ತದೆಯೇ ಎಂದು ನೀವು ಕೇಳಬಹುದು. ಅರ್ಹ ಬಡವಳ ಒಡೆತನಕ್ಕೆ ವಸ್ತು ರೂಪದಲ್ಲಿ ಕೊಡಲು ಹನಫಿ ಫಿಕ್ಹ್‌ನಲ್ಲಿ ಅವಕಾಶವಿದೆ, ಶಾಫಿಈಗಳು ತಮ್ಮ ಉಸ್ತಾದರನ್ನು ಕೇಳಿಕೊಳ್ಳಲಿ. ಸದಕಾದ ಹಣವಾದರೆ ಆ ಪ್ರಶ್ನೆಯೂ ಇಲ್ಲ. ಚೀಲವನ್ನು ಹೆಂಗಸರೇ ಹೆಂಗಸರ ಕೈಗೆ ಕೊಡಲಿ. ಪಕ್ಕದ ಮನೆಯ ಹಿಂದೂ, ಕ್ರೈಸ್ತ ಹುಡುಗಿಗೆ ಬೇಕಿದ್ದರೆ ಅವಳಿಗೂ ಕೊಡಲಿ. ಉಪದೇಶ, ಷರತ್ತು, ಫೋಟೋ ಯಾವುದೂ ಬೇಡ. ಮಿಷನ್‌ನವರಿಗೆ ಹಾಕಿದ ನಿಯಮ ನಮಗೂ ಅನ್ವಯಿಸಬೇಕು.

ಹೊಲಿಯಲು ಜನ ಹುಡುಕಬೇಕಾಗಿಲ್ಲ. ಟೈಲರಿಂಗ್ ಕಲಿತು ಕೆಲಸವಿಲ್ಲದೆ ಕುಳಿತ ಹುಡುಗಿಯರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ, ಅವರಿಗೆ ಕೂಲಿ ಕೊಟ್ಟು ಹೊಲಿಸಿ. ಫ್ಲಾನಲ್ ಬಟ್ಟೆ ಸಗಟು ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹತ್ತಿಯದ್ದೇ ಆಗಿರಲಿ, ಹೊಲಿಯುವ ಮೊದಲು ಒಮ್ಮೆ ಒಗೆದು ಒಣಗಿಸಿ, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ. ಮತ್ತೆ, ಬಿಳಿ ಬಟ್ಟೆ ಮಾತ್ರ ತರಬೇಡಿ.