ಕೆಂಪು: ಪದ ಒಂದು, ಅರ್ಥ ಹಲವು

ಕಲಬುರಗಿಯ ಜಗತ್ ಭಾಗದ ಮಕ್ಕಳಿಗೆ ಕಮಲಾಪುರದ ಕೆಂಪು ಬಾಳೆ ಹೊಸದೇನಲ್ಲ. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಹಣ್ಣದು. ಅದರ ಸಿಪ್ಪೆಯನ್ನು ಕುಂಕುಮದ ಪಕ್ಕದಲ್ಲಿಟ್ಟು ನೋಡಿದರೆ ಎರಡರ ಬಣ್ಣವೂ ಬೇರೆ. ಆದರೂ ಎರಡಕ್ಕೂ ಕೆಂಪು ಎನ್ನುವುದೇ ರೂಢಿ. ಇಂಗ್ಲಿಷಿನ ‘ರೆಡ್’ ಪದವೂ ಹೀಗೆಯೇ. ಕಿತ್ತಳೆ ಛಾಯೆಯ ಕೂದಲು ಕೂಡ ಅಲ್ಲಿ ‘ರೆಡ್ ಹೇರ್’.

ಇನ್ನು ನುಡಿಗಟ್ಟುಗಳಿಗೆ ಬಂದರೆ ಬಣ್ಣವೇ ಮರೆಯಾಗುತ್ತದೆ. ಯುರೋಪಿನ ಚರ್ಚುಗಳ ಪಂಚಾಂಗದಲ್ಲಿ ಹಬ್ಬಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸುತ್ತಿದ್ದರು. ಆದ್ದರಿಂದ ‘ರೆಡ್ ಲೆಟರ್ ಡೇ’ ಎಂದರೆ ಸ್ಮರಣೀಯ ದಿನ. ಲೆಕ್ಕದ ಪುಸ್ತಕದಲ್ಲಿ ಕೊರತೆಯನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದುದರಿಂದ ‘ಇನ್ ದ ರೆಡ್’ ಎಂದರೆ ನಷ್ಟದಲ್ಲಿರುವುದು. ಸರಕಾರಿ ಕಡತ ಕಟ್ಟುತ್ತಿದ್ದ ‘ರೆಡ್ ಟೇಪ್’ ಕನ್ನಡ ಪತ್ರಿಕೆಗಳಲ್ಲಿ ‘ಕೆಂಪುಪಟ್ಟಿ’ಯಾಗಿ ವಿಳಂಬಕ್ಕೆ ಹೆಸರಾಯಿತು.

‘ರೆಡ್ ಹ್ಯಾಂಡ್ ಆಗಿ ಸಿಕ್ಕಿಬಿದ್ದ’ ಎಂಬ ಮಾತಿನ ಮೂಲ ಸ್ಕಾಟ್ಲೆಂಡಿನ ಹಳೆಯ ಕಾನೂನಿನಲ್ಲಿದೆ. ಅಲ್ಲಿ ಕೈಯ ಮೇಲಿನ ರಕ್ತವೇ ಸಾಕ್ಷಿ. ಲೋಕಾಯುಕ್ತರ ದಾಳಿಯಲ್ಲಿ ಆ ಕೆಲಸ ಮಾಡುವುದು ರಸಾಯನಶಾಸ್ತ್ರ. ನೋಟುಗಳಿಗೆ ಫಿನಾಫ್ಥಲೀನ್ ಪುಡಿ ಸವರಿರುತ್ತಾರೆ. ಲಂಚ ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆಸಿದರೆ ದ್ರಾವಣ ಗುಲಾಬಿಯಾಗುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಪ್ರತ್ಯಾಮ್ಲವನ್ನು ಗುರುತಿಸುವ ಸೂಚಕವೂ ಇದೇ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗಲೂ ಎಚ್ಚರ ಬೇಕು. ‘ಕೆಂಗಣ್ಣಿಗೆ ಗುರಿಯಾದ’ ಎಂದರೆ ಸಿಟ್ಟಿಗೆ ಗುರಿಯಾದ ಎಂದರ್ಥ. ಇಂಗ್ಲಿಷರ ‘ರೆಡ್ ಐಸ್’ ಸಾಮಾನ್ಯವಾಗಿ ಅತ್ತ ಅಥವಾ ನಿದ್ದೆಗೆಟ್ಟ ಕಣ್ಣು. ಸಿಟ್ಟಿಗೆ ಅವರಲ್ಲಿ ‘ಸೀ ರೆಡ್’ ಎಂಬ ಬೇರೆಯೇ ಮಾತಿದೆ. ಆದ್ದರಿಂದ ಪದಕ್ಕೆ ಪದ ಜೋಡಿಸದೆ, ಇಡೀ ಮಾತಿನ ಅರ್ಥ ಹಿಡಿಯುವುದು ಪರೀಕ್ಷೆಯಲ್ಲೂ ಬಾಳಿನಲ್ಲೂ ಲೇಸು.

ತಂದೆತಾಯಂದಿರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕೆಂಪು, ಹಸಿರುಗಳನ್ನು ಪದೇ ಪದೇ ಅದಲುಬದಲು ಹೇಳುವ ಮಗು ಪದ ಕಲಿಯದ ದಡ್ಡ ಮಗುವೆಂದು ಗದರಬಾರದು. ಅದಕ್ಕೆ ವರ್ಣಾಂಧತೆ ಇರಬಹುದು. ಇದಕ್ಕೆ ಕಾರಣವಾದ ಜೀನುಗಳು ಎಕ್ಸ್ ವರ್ಣತಂತುವಿನಲ್ಲಿವೆ. ಗಂಡುಮಕ್ಕಳಿಗೆ ಒಂದೇ ಎಕ್ಸ್ ಇರುವುದರಿಂದ ಅವರಲ್ಲಿಯೇ ಇದು ಹೆಚ್ಚು. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಗುರುತಿಸುವ ಇಶಿಹಾರ ಪರೀಕ್ಷೆ 1917ರಿಂದಲೂ ಬಳಕೆಯಲ್ಲಿದೆ. ನೇತ್ರತಜ್ಞರು ಕೆಲವೇ ನಿಮಿಷಗಳಲ್ಲಿ ಮಾಡುತ್ತಾರೆ. ರೈಲು ಚಾಲಕನಾಗುವ ಕನಸು ಹೊತ್ತ ಹುಡುಗನಿಗೆ ಈ ವಿಷಯ ನೇಮಕಾತಿಯ ದಿನ ತಿಳಿಯುವುದಕ್ಕಿಂತ ಶಾಲೆಯಲ್ಲಿರುವಾಗಲೇ ತಿಳಿದರೆ ಬೇರೆ ದಾರಿ ಆರಿಸಿಕೊಳ್ಳಲು ಸಮಯವಿರುತ್ತದೆ.