ಕಾರಿನ ರಸಿಕರ ತೀರ್ಪು, ದುಡಿಯುವವರ ದುಡ್ಡು

ಪೇಟೆಗೆ ಹೊಸ ವಿದ್ಯುತ್ ಕಾರು ಬಂದಾಗಲೆಲ್ಲ ಕಾರಿನ ರಸಿಕರ ಪಂಚಾಯತಿ ಕೂಡುತ್ತದೆ. 2024ರ ಜನವರಿಯಲ್ಲಿ ಟಾಟಾದವರ ಪಂಚ್ ವಿದ್ಯುತ್ ಕಾರು ಸುಮಾರು 11 ಲಕ್ಷ ರೂಪಾಯಿಯಿಂದ ಮೇಲ್ಪಟ್ಟ ಬೆಲೆಗೆ ಹೊರಬಿದ್ದಾಗಲೂ ಕೂಡಿತು. ಎಂಜಿನ್ನಿನ ಗರ್ಜನೆ ಇಲ್ಲದ್ದು ಕಾರೇ ಅಲ್ಲ ಎಂದರು ಒಬ್ಬರು. ಕಾಲಿಟ್ಟ ಕೂಡಲೇ ಜಿಗಿಯುತ್ತದೆ, ಇನ್ನೇನು ಬೇಕು ಎಂದರು ಇನ್ನೊಬ್ಬರು. ಗುಂಡಿ ತಿರುಗಿಸುವ ಬದಲು ಗಾಜಿನ ಪರದೆ ತೀಡಬೇಕಲ್ಲ ಎಂದು ಮೂರನೆಯವರ ಗೋಳು. 421 ಕಿ.ಮೀ. ಎಂದು ಹೇಳಿದ್ದು ರಸ್ತೆಯ ಮೇಲೆ ಅಷ್ಟು ಓಡದು ಎಂದು ನಾಲ್ಕನೆಯವರ ದೂರು.

ನಾವು ಇವೆಲ್ಲವನ್ನೂ ತಳ್ಳಿಹಾಕುವವರಲ್ಲ. ನಾಲ್ಕನೆಯ ದೂರು ನ್ಯಾಯವಾದುದೇ. 35 ಯೂನಿಟ್ ಹಿಡಿಯುವ ಬ್ಯಾಟರಿಗೆ 421 ಕಿ.ಮೀ. ಎಂಬ ಲೆಕ್ಕ ಪ್ರಯೋಗಶಾಲೆಯ ಉರುಳೆಗಳ ಮೇಲೆ ತೆಗೆದದ್ದು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ತೆಗೆದದ್ದಲ್ಲ. ಕಿರಾಣಿ ಅಂಗಡಿಯವನು ತಕ್ಕಡಿಗೆ ಮುದ್ರೆ ಒತ್ತಿಸದಿದ್ದರೆ ದಂಡ ಬೀಳುತ್ತದೆ. ಕಿಲೋಮೀಟರಿಗೆ ಮುದ್ರೆ ಒತ್ತುವ ಪರೀಕ್ಷೆಯೇ ಸಡಿಲವಾಗಿದ್ದರೆ ದಂಡ ಯಾರಿಗೆ?

ಆದರೆ ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಹೋಗಿ ಅದೇ ಹಾದಿಯಲ್ಲಿ ಮರಳಿದರೂ 150 ಕಿ.ಮೀ. ಆಗುವುದಿಲ್ಲ. ಇಲ್ಲಿಯ ಸಂಚಾರಕ್ಕೆ ಆ ಬ್ಯಾಟರಿ ಧಾರಾಳವಾಗಿ ಸಾಕು. ಸಾಲದಿರುವುದು ನಮ್ಮ ಜೇಬು. ಆ ಕಾರನ್ನು ಮನೆಯ ಪ್ಲಗ್ಗಿನಲ್ಲಿ ತುಂಬಲು ಹತ್ತು ತಾಸಿಗೂ ಮೀರಿ ಬೇಕು. ಅಷ್ಟು ಹೊತ್ತು ನಿಲ್ಲಿಸಲು ಸ್ವಂತ ಅಂಗಳ ಬೇಕು. ಬೇಳೆ ಮಿಲ್ಲಿನ, ಜಿನ್ನಿಂಗ್ ಮಿಲ್ಲಿನ ಕಾರ್ಮಿಕನ ಬಾಡಿಗೆ ಕೋಣೆಗೆ ಅಂಗಳ ಎಲ್ಲಿಯದು? ಹಿಂದೆ ಭಾಗ್ಯಜ್ಯೋತಿ ಮನೆಗೆ ತಿಂಗಳಿಡೀ ಉಚಿತವಾಗಿ ಸಿಗುತ್ತಿದ್ದ ವಿದ್ಯುತ್ತು 40 ಯೂನಿಟ್. ಈ ಕಾರು ಒಂದೇ ರಾತ್ರಿ ಕುಡಿಯುವುದು 35! ರಸಿಕರ ಪಂಚಾಯತಿಯಲ್ಲಿ ಈ ಮಾತು ಬರುವುದಿಲ್ಲ. ಅಲ್ಲಿ ಕುಳಿತವರೆಲ್ಲರಿಗೂ ಅಂಗಳವಿದೆ.

ಉಳ್ಳವರು ತಮ್ಮ ದುಡ್ಡಿನಲ್ಲಿ ಕೊಂಡರೆ ನಿಮಗೇನು ಎಂದು ಕೇಳಬಹುದು. ಬರೀ ತಮ್ಮ ದುಡ್ಡಿನಲ್ಲಿಯೇ? 2019ರ ಆಗಸ್ಟಿನಲ್ಲಿ ವಿದ್ಯುತ್ ಕಾರಿನ ಮೇಲಿನ ಜಿ.ಎಸ್.ಟಿ.ಯನ್ನು ಶೇ. 12ರಿಂದ 5ಕ್ಕೆ ಇಳಿಸಿದರು. ಆಗ ಸೈಕಲ್ಲಿನ ಮೇಲೆ ಇದ್ದದ್ದು ಶೇ. 12. ಅದು 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರಿನಲ್ಲಿ. ಆರು ವರ್ಷ ಕಾಲ ಗಂಜಿನ ಹಮಾಲನು ತನ್ನ ಸೈಕಲ್ಲಿಗೆ ಕಾರಿನವನಿಗಿಂತ ಹೆಚ್ಚಿನ ದರದ ತೆರಿಗೆ ತೆತ್ತಿದ್ದಾನೆ. ಸೈಕಲ್ಲಿಗೆ ಹೊಗೆ ಎಲ್ಲಿಂದ ಬರುತ್ತಿತ್ತೋ ದಿಲ್ಲಿಯವರೇ ಹೇಳಬೇಕು! ರಾಜ್ಯ ಸರ್ಕಾರವೂ ಹಿಂದೆ ಬೀಳಲಿಲ್ಲ. ವರ್ಷಗಟ್ಟಲೆ ರಸ್ತೆ ತೆರಿಗೆ ಬಿಟ್ಟುಕೊಟ್ಟು, 2024ರಲ್ಲಿ 25 ಲಕ್ಷ ಮೀರಿದ ವಿದ್ಯುತ್ ಕಾರಿಗೆ ಮಾತ್ರ ಶೇ. 10 ಹಾಕಿತು.

ನಾವು ವಿದ್ಯುತ್ ವಾಹನದ ವೈರಿಗಳಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ಕಾರು ಹುಟ್ಟಿದಾಗ ಇದೇ ರಸಿಕರು ಆಟಿಕೆ ಎಂದು ನಕ್ಕರು. ಅದು ಲಂಡನ್ನಿನ ಬೀದಿಗಳಲ್ಲೂ ಓಡಿತು. 2010ರಲ್ಲಿ ಮಹೀಂದ್ರಾದವರ ಕೈಸೇರಿದ ಆ ಸಂಸ್ಥೆಯೇ 2018ರಲ್ಲಿ ವಿದ್ಯುತ್ ಆಟೋಗಳನ್ನು ಹೊರತಂದಿತು. ಆಟೋದ ಗುಣದೋಷ ತೂಗಲು ಮಾತ್ರ ರಸಿಕರ ಪಂಚಾಯತಿ ಕೂಡಲಿಲ್ಲ. ಟಂಟಂ ಓಡಿಸುವವನ ಡೀಸೆಲ್ ಖರ್ಚು, ಚಿಲ್ಲರೆ ವ್ಯಾಪಾರಿಯ ಸಾಮಾನಿನ ಬಾಡಿಗೆ, ಇವು ಅವರ ಚರ್ಚೆಗೆ ತಕ್ಕ ವಿಷಯಗಳಲ್ಲ.

ಇನ್ನು ಬಸ್ಸಿನ ಕಥೆ. 2023ರಲ್ಲಿ ಕೇಂದ್ರ ಸರ್ಕಾರ 10,000 ವಿದ್ಯುತ್ ಬಸ್ಸುಗಳ ಯೋಜನೆ ಸಾರಿತು. ಅದು ಬಹುಮಟ್ಟಿಗೆ 3 ಲಕ್ಷ ಜನಸಂಖ್ಯೆ ಮೀರಿದ ನಗರಗಳಿಗೆ. 2024ರಲ್ಲಿ ಇನ್ನೂ 14,028 ಬಸ್ಸುಗಳಿಗೆ ನೆರವು ಸಾರಿತು. ಅದು 40 ಲಕ್ಷ ಮೀರಿದ ಮಹಾನಗರಗಳಿಗೆ. 2011ರ ಜನಗಣತಿಯಲ್ಲಿ ಯಾದಗಿರಿ ನಗರ ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ. ಶಹಾಪುರ, ಸುರಪುರ ಅದಕ್ಕಿಂತ ಚಿಕ್ಕವು. ಅಂದರೆ ನಾವು ಬಸ್ಸಿಗೆ ಬೇಕಾದಷ್ಟು ಜನರಿಲ್ಲ, ತೆರಿಗೆಗೆ ಬೇಕಾದಷ್ಟು ಜನರಿದ್ದೇವೆ! 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಬಂತು. ಅದು ಒಳ್ಳೆಯದೇ ಆಯಿತು. ಆದರೆ ಪ್ರಯಾಣಿಕರು ಹೆಚ್ಚಿದಷ್ಟು ಬಸ್ಸುಗಳೂ ಹೆಚ್ಚಬೇಕಲ್ಲವೇ?

ನಮ್ಮ ಜಿಲ್ಲೆ ಅವರಿಗೆ ತಿಳಿದೇ ಇಲ್ಲವೆಂದಲ್ಲ. ಬ್ಯಾಟರಿಗೆ ಬೇಕಾದ ಲಿಥಿಯಂಗಾಗಿ ಮಂಡ್ಯದ ಜೊತೆಗೆ ಯಾದಗಿರಿ ಜಿಲ್ಲೆಯಲ್ಲೂ ಶೋಧ ನಡೆದಿದೆ ಎಂದು 2024ರಲ್ಲಿ ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿತು. ನೆಲ ಅಗೆಯುವಾಗ ನಾವು ನಕ್ಷೆಯಲ್ಲಿ ಇರುತ್ತೇವೆ. ಬಸ್ಸು ಹಂಚುವಾಗ ಅಳಿಸಿಹೋಗುತ್ತೇವೆ. ಇದು ಯಾವ ನ್ಯಾಯ?

ನಮ್ಮ ಬೇಡಿಕೆಗಳು ಸರಳ. ವಿದ್ಯುತ್ ಬಸ್ಸಿಗೆ ಊರಿನ ಜನಸಂಖ್ಯೆಯ ಮಿತಿ ತೆಗೆದುಹಾಕಿ, ಯಾದಗಿರಿ-ಶಹಾಪುರ-ಸುರಪುರ ಹಾದಿಗೆ ಆ ಬಸ್ಸು ಕೊಡಬೇಕು. ಗಂಜಿನಲ್ಲಿ ಮತ್ತು ಬಸ್ ನಿಲ್ದಾಣಗಳಲ್ಲಿ ಆಟೋಗಳಿಗೆ ಸಾರ್ವಜನಿಕ ಚಾರ್ಜಿಂಗ್ ಕಂಬ ನೆಡಬೇಕು. ಸಾಮಾನು ಹೊರುವ ವಿದ್ಯುತ್ ಆಟೋಗೆ ಸಹಕಾರಿ ಬ್ಯಾಂಕುಗಳು ಕಡಿಮೆ ಬಡ್ಡಿಯ ಸಾಲ ಕೊಡಬೇಕು.

ಕಾರು ಎಷ್ಟು ಸೆಕೆಂಡಿನಲ್ಲಿ ನೂರರ ವೇಗ ಮುಟ್ಟುತ್ತದೆ ಎಂದು ರಸಿಕರು ಗಡಿಯಾರ ಹಿಡಿದು ನೋಡಲಿ, ನಮ್ಮ ಅಡ್ಡಿಯಿಲ್ಲ. ಪಾಳಿ ಮುಗಿಸಿದ ಕಾರ್ಮಿಕ ಎಷ್ಟು ತಾಸಿಗೆ ಮನೆ ಮುಟ್ಟುತ್ತಾನೆ ಎಂಬುದಕ್ಕೆ ಗಡಿಯಾರ ಹಿಡಿಯುವವರು ನಾವೇ. ಆ ಲೆಕ್ಕ ಕೊಡುವವರೆಗೆ ಸರ್ಕಾರವನ್ನು ಕೇಳುತ್ತಲೇ ಇರೋಣ.