ಬಾಗೇವಾಡಿಯ ಮಾತು ತೆರೆಗೆ ಸಲ್ಲದೆ?

ವಿಜಾಪುರ ಸೀಮೆಯ ಕನ್ನಡ ನಗಿಸುವುದಕ್ಕೆ ಒಳ್ಳೆಯದು, ಅಳಿಸುವುದಕ್ಕೆ ಬಾರದು. ನಮ್ಮ ಚಿತ್ರೋದ್ಯಮಿಗಳು ಬಾಯಿಬಿಟ್ಟು ಹೇಳದೆ ಪಾಲಿಸಿಕೊಂಡು ಬಂದ ಸಿದ್ಧಾಂತವಿದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ನಟನಿಗೆ ಹೆಚ್ಚಾಗಿ ದೊರೆಯುವುದು ಕುಡುಕನದೋ ಕಾವಲುಗಾರನದೋ ಪೇಟೆಯಲ್ಲಿ ದಾರಿ ತಪ್ಪಿದ ಹಳ್ಳಿಗನದೋ ಪಾತ್ರ. ನಾಯಕನಾಗಬೇಕೆ? ಮೊದಲು ನಾಲಗೆಯನ್ನು ತೊಳೆದುಕೊಂಡು ಬರಬೇಕು!

ಈ ಸೀಮೆಗೆ ನಟನೆ ಹೊಸದೇನಲ್ಲ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಬೀಳಗಿಯೂ ಈ ತಾಲೂಕುಗಳೂ ಒಂದೇ ಜಿಲ್ಲೆಯವು. ಆ ಬೀಳಗಿಯ ಅಮೀರಬಾಯಿ ಮುಂಬಯಿಗೆ ಹೋಗಿ 1934ರಲ್ಲಿ ‘ವಿಷ್ಣುಭಕ್ತಿ’ಯಲ್ಲಿ ಪಾತ್ರ ವಹಿಸಿದರು. 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದರು. ಅದು ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೇಲೆ ಓಡಿತು. ಮರುವರ್ಷ ನೌಷಾದರ ‘ರತನ್’. ನಟಿಯಾಗಿ ಹೋದವರು ಗಾಯಕಿಯಾಗಿ ಮೆರೆದರು. ಹೊಸ ಕಂಠಗಳು ಬಂದಾಗ ಮತ್ತೆ ನಟನೆಗೇ ಮರಳಿ ಪೋಷಕ ಪಾತ್ರಗಳಲ್ಲಿ ದುಡಿದರು, 1965ರಲ್ಲಿ ತೀರಿಕೊಂಡರು. ಮುಂಬಯಿ ಅವರನ್ನು ‘ಕರ್ನಾಟಕಿ’ ಎಂದೇ ಕರೆಯಿತು. ಬೀಳಗಿಯ ಗಂಟಲು ಹಿಂದುಸ್ಥಾನಿಗೆ ಸಲ್ಲುತ್ತದೆ, ಕನ್ನಡಕ್ಕೆ ಸಲ್ಲದೆ?

1959ರಲ್ಲಿ ‘ಜಗಜ್ಯೋತಿ ಬಸವೇಶ್ವರ’ ಬಂತು. ಬಸವಣ್ಣನಾಗಿ ಹೊನ್ನಪ್ಪ ಭಾಗವತರು, ಬಿಜ್ಜಳನಾಗಿ ರಾಜಕುಮಾರರು. ಭಾಗವತರ ಕಂಠಕ್ಕೆ ಯಾರು ತಾನೆ ತಲೆದೂಗರು? ಆದರೆ ಬಾಗೇವಾಡಿಯಲ್ಲಿ ಹುಟ್ಟಿ, ಜನರ ಆಡುಮಾತಿನಲ್ಲಿ ವಚನ ಹೇಳಿದವನ ಬಾಯಿಗೆ ಪೌರಾಣಿಕ ನಾಟಕದ ಗ್ರಾಂಥಿಕ ಭಾಷೆಯನ್ನು ತುರುಕುವುದೇ ಅಂದಿನ ರೂಢಿ. ಹನ್ನೆರಡನೆಯ ಶತಮಾನದವನು ಇಂದಿನ ಬಾಗೇವಾಡಿಯ ಮಾತಾಡುತ್ತಿದ್ದನೇ ಎಂದು ಪಂಡಿತರು ಕೇಳಬಹುದು. ಮೈಸೂರಿನದನ್ನೂ ಆಡುತ್ತಿರಲಿಲ್ಲವಷ್ಟೆ!

‘ಎಲ್ಲರಿಗೂ ತಿಳಿಯಬೇಕಲ್ಲ?’ ಎಂಬುದು ಇವರ ಕೊನೆಯ ಅಸ್ತ್ರ. 1934ರ ‘ಸತಿ ಸುಲೋಚನಾ’ ತಯಾರಾದದ್ದು ಕೊಲ್ಲಾಪುರದಲ್ಲಿ. ಇಂಡಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಅಂದಿನಿಂದ ಇಂಡಿಯವರು ತೆಂಕಣ ಕನ್ನಡವನ್ನು ಟಿಕೇಟು ಕೊಂಡು ಕೇಳಿ, ತಿಳಿದು, ಅತ್ತು ಬಂದಿದ್ದಾರೆ. ತಿಳಿದುಕೊಳ್ಳುವ ಶ್ರಮ ಒಂದೇ ಕಡೆಯವರ ಪಾಲಿಗೆ ಏಕೆ? ಇನ್ನೊಂದು ಕಡೆಯವರು ಅಷ್ಟು ದಡ್ಡರೂ ಅಲ್ಲ. 1990ರ ‘ಸಂತ ಶಿಶುನಾಳ ಶರೀಫ’ ಮೈಸೂರಿನವರಿಗೆ ತಿಳಿಯಿತು. 1997ರ ‘ನಾಗಮಂಡಲ’ಕ್ಕೆ ಗೋಪಾಲ ವಾಜಪೇಯಿ ಅಪ್ಪಟ ಬಡಗಣ ಮಾತನ್ನೇ ಬರೆದರು, ಯಾರೂ ಅರ್ಥವಾಗಲಿಲ್ಲವೆಂದು ಎದ್ದುಹೋಗಲಿಲ್ಲ. ಆದರೆ ಅಲ್ಲಿಯೂ ಆ ಮಾತಾಡಿದ ನಾಯಕ ಬೆಂಗಳೂರಿನ ಪ್ರಕಾಶ ರೈ. ಚೆನ್ನಾಗಿಯೇ ಆಡಿದರು, ಅದು ಬೇರೆ ಮಾತು. ಬೆಂಗಳೂರಿನವರು ಬಡಗಣ ಮಾತು ಕಲಿತರೆ ಅದು ಅಭಿನಯ. ಸಿಂದಗಿಯವನು ತನ್ನ ಮಾತನ್ನೇ ಆಡಿದರೆ ಅದು ದೋಷ. ಇದೆಂಥ ನ್ಯಾಯ?

ನಟರಿಲ್ಲವೆಂದು ಮಾತ್ರ ಹೇಳಬೇಡಿ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಸಾಲಾಗಿ ಡೇರೆ ಹಾಕುತ್ತವೆ. ‘ಹೋಗ್ಯಾನ’, ‘ಬಂದಾಳ’ ಎನ್ನುವ ಅದೇ ಮಾತಿನಲ್ಲಿ ತಾಯಿ ಮಗನನ್ನು ಕಳೆದುಕೊಳ್ಳುತ್ತಾಳೆ, ಅಣ್ಣ ತಮ್ಮನನ್ನು ಕ್ಷಮಿಸುತ್ತಾನೆ. ಹಿಂದಿನ ಸಾಲಿನವರೂ ಕಣ್ಣೊರೆಸಿಕೊಳ್ಳುತ್ತಾರೆ. ನಮ್ಮ ನಿರ್ದೇಶಕರು ಒಂದು ರಾತ್ರಿ ಅಲ್ಲಿ ಕುಳಿತು ನೋಡಲಿ. ಟಿಕೇಟು ದುಬಾರಿಯೇನಲ್ಲ.